ಸಕ್ಕರೆ ಬಿಟ್ಟ ಮನೆಗಳು

1791ರ ಏಪ್ರಿಲ್‌ನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂಬ ಸಂಸದ ವಿಲ್ಬರ್‌ಫೋರ್ಸರ ಸೂಚನೆ ಬ್ರಿಟನ್ನಿನ ಸಂಸತ್ತಿನಲ್ಲಿ ಬಿದ್ದುಹೋಯಿತು: ಪರ 88, ವಿರುದ್ಧ 163. ಗುಲಾಮರನ್ನು ದುಡಿಸುತ್ತಿದ್ದ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳ ಒಡೆಯರು, ಸಕ್ಕರೆ ವರ್ತಕರು ಆ ಸದನದೊಳಗೇ ಕೂತಿದ್ದರು. ಹಾಗಾಗಿ ಜನ ಸಂಸತ್ತನ್ನು ಬಿಟ್ಟು, ಆ ಸಕ್ಕರೆ ಮಾರುವ ಅಂಗಡಿಯತ್ತ ತಿರುಗಿದರು. ಅದೇ ವರ್ಷ ವಿಲಿಯಂ ಫಾಕ್ಸ್ ಕಿರುಹೊತ್ತಗೆಯೊಂದರಲ್ಲಿ ಲೆಕ್ಕ ಕೊಟ್ಟರು: ವಾರಕ್ಕೆ 5 ಪೌಂಡ್ ಸಕ್ಕರೆ ಬಳಸುವ ಕುಟುಂಬ 21 ತಿಂಗಳು ಅದನ್ನು ಬಿಟ್ಟರೆ ಒಂದು ಜೀವ ಉಳಿಯುತ್ತದೆ. ಸಂಸತ್ತಿಗೆ ತಟ್ಟದ ಮಾತು ಅಡುಗೆಮನೆಗೆ ತಟ್ಟಿದ್ದು ಇಂಥ ಲೆಕ್ಕದಿಂದಲೇ ಎಂಬುದು ನನ್ನ ನಂಬಿಕೆ. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ಕ್ಲಾರ್ಕ್‌ಸನ್ ಅಂದಾಜಿಸಿದರು. ಮತದ ಹಕ್ಕಿಲ್ಲದ ಹೆಂಗಸರೇ ಈ ಬಹಿಷ್ಕಾರದ ಬೆನ್ನೆಲುಬು; ದಿನಸಿಯ ಚೀಟಿ ಅವರ ಕೈಯಲ್ಲಿತ್ತಲ್ಲ! 1820ರ ದಶಕದಲ್ಲಿ ಎಲಿಜಬೆತ್ ಹೇರಿಕ್ ಲೆಸ್ಟರ್ ಊರಲ್ಲಿ ಮನೆಮನೆಗೆ ಹೋಗಿ ಸಕ್ಕರೆ ಬಿಡಿ ಎಂದು ಕೇಳಿಕೊಂಡರು. ಕೊನೆಗೆ ಗುಲಾಮಗಿರಿ ರದ್ದತಿಯ ಕಾಯ್ದೆ 1833ರಲ್ಲಿ ಬಂತು. ನನಗಿನ್ನೂ ಅರಗದ ಸಂಗತಿಯೆಂದರೆ, ಆ ಕಾಯ್ದೆಯಡಿ ಪರಿಹಾರದ 2 ಕೋಟಿ ಪೌಂಡ್ ಗುಲಾಮರ ಒಡೆಯರಿಗೇ ಸಂದಿತು; ದುಡಿದವರಿಗೆ ಬಿಡಿಗಾಸೂ ಇಲ್ಲ.