ಉಷ್ಣದ ಲೆಕ್ಕ

ಗಂಧಕಾಮ್ಲವನ್ನು ನೀರಿಗೆ ಸುರಿದರೆ ಪಾತ್ರೆ ಕೈಸುಡುವಷ್ಟು ಕಾಯುವುದೆಂಬುದನ್ನು ಪ್ರಯೋಗಶಾಲೆ ಹೊಕ್ಕುಬಂದ ಶ್ರೋತೃಗಳೆಲ್ಲರೂ ಬಲ್ಲರು. ಆ ಕಾವಿಗೆ ಲೆಕ್ಕವಿಟ್ಟವನು ಜರ್ಮೇನ್ ಹೆಸ್. 1802ರಲ್ಲಿ ಜಿನೀವಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ರಷ್ಯವನ್ನು ಸೇರಿ, ಸೈಬೀರಿಯದ ಇರ್ಕುಟ್ಸ್ಕಿನಲ್ಲಿ ವೈದ್ಯನಾಗಿದ್ದು, ಕಡೆಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಸಾಯನಶಾಸ್ತ್ರಕ್ಕೆ ತನ್ನನ್ನು ಒಪ್ಪಿಸಿಕೊಂಡವನು.

ಬೇರೆ ಬೇರೆ ಪ್ರಮಾಣದ ನೀರು ಕೂಡಿದ ಗಂಧಕಾಮ್ಲವನ್ನು ಆತನು ಅಮೋನಿಯಾ ದ್ರಾವಣದಿಂದ ತಟಸ್ಥಗೊಳಿಸಿದನು. ನೀರು ಬೆರೆಸುವಾಗ ಹೆಚ್ಚು ಉಷ್ಣ ಹೊರಬಿದ್ದಿದ್ದರೆ ಅಮೋನಿಯಾದೊಡನೆ ಅಷ್ಟೇ ಕಡಮೆ; ಎರಡನ್ನೂ ಕೂಡಿದರೆ ಮೊತ್ತವೊಂದೇ. ಕ್ರಿಯೆಯು ಯಾವ ದಾರಿ ಹಿಡಿದರೂ ಒಟ್ಟು ಉಷ್ಣವು ಬದಲಾಗದೆಂದು 1840ರಲ್ಲಿ ಸಾರಿದನು. ಶಕ್ತಿಯು ನಾಶವಾಗದೆಂದು ಮೇಯರನು ಬರೆದುದು 1842ರಲ್ಲಿ! ಮನೆ ಮೊದಲು, ತಳಪಾಯ ಆಮೇಲೆ.

ಸ್ಥಿರ ಒತ್ತಡದಲ್ಲಿ ನಡೆಯುವ ಕ್ರಿಯೆಯ ಈ ಉಷ್ಣವನ್ನೇ ನಾವು ಎಂಥಾಲ್ಪಿಯ ವ್ಯತ್ಯಾಸವೆನ್ನುವೆವು. ಇಂಗಾಲವು ಅರೆಯುರಿದು ಮಾನಾಕ್ಸೈಡ್ ಆಗುವಾಗಿನ ಉಷ್ಣವನ್ನು ನೇರವಾಗಿ ಅಳೆಯುವುದು ಬಲು ಕಷ್ಟ. ಅದರಲ್ಲಿ ಸ್ವಲ್ಪ ಭಾಗ ಪೂರ್ತಿಯಾಗಿಯೇ ಉರಿದುಬಿಡುತ್ತದೆ. ಆದರೆ ಇಂಗಾಲ ಪೂರ್ತಿ ಉರಿದರೆ ಮೋಲಿಗೆ 394 ಕಿಲೋಜೂಲ್, ಮಾನಾಕ್ಸೈಡ್ ಉರಿದರೆ 283, ಇವೆರಡನ್ನೂ ಅಳೆಯಬಲ್ಲೆವು. ಒಂದರಲ್ಲೊಂದನ್ನು ಕಳೆದರೆ, ನಾವು ಬಯಸಿದ ಉಷ್ಣ 111.