ಕಾರ್ತಿಕದ ನೀಲಗಿರಿಯಲ್ಲಿ ಬಿಡಾರದ ನೆಲೆ

ಬೀಡು, ನೆಲೆವೀಡು, ಬಿಡಾರ, ಹಟ್ಟಿ ಎಂಬ ನಾಲ್ಕು ಮಾತುಗಳು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಶಾಸನಗಳಲ್ಲಿ ಅರಸನ ದಂಡು ಇಳಿದ ಸ್ಥಳವು ಬೀಡು. ಆ ಬೀಡು ಕಾಲೂರಿ ನಿಂತರೆ ನೆಲೆವೀಡು. ದಾರಿಹೋಕನು ಒಂದೆರಡು ರಾತ್ರಿ ಇಳಿದುಕೊಳ್ಳುವುದು ಬಿಡಾರ. ದನಕುರಿಗಳನ್ನು ಕೂಡುವ ತಾಣ ಹಟ್ಟಿ. ದನದ ಬೆನ್ನು ಹಿಡಿದು ಬಂದ ಜನವೂ ಅಲ್ಲಿಯೇ ಮನೆ ಕಟ್ಟಿಕೊಂಡಾಗ ಆ ಹಟ್ಟಿಯೇ ಊರಾಗುತ್ತದೆ. ಬಯಲುಸೀಮೆಯಲ್ಲಿ ಈ ಮಾತುಗಳ ಅರ್ಥವನ್ನು ನಿಘಂಟಿನಿಂದ ತಿಳಿಯಬಹುದು. ನೀಲಗಿರಿಯಲ್ಲಿ ನೆಲದ ಮೇಲೆಯೇ ಓದಬಹುದು. ಅಲ್ಲಿಯ ಬಡಗರ ಊರುಗಳಲ್ಲಿ ಬಹುಪಾಲು ಇಂದಿಗೂ ಹಟ್ಟಿಗಳೇ.

ನೀಲಗಿರಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ 1819ರಿಂದ ಕಥೆಯನ್ನು ಆರಂಭಿಸುತ್ತಾರೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟವನ್ನೇರಿದನು, ತಂಪಾದ ನಾಡೊಂದನ್ನು 'ಕಂಡುಹಿಡಿದನು' ಎಂಬುದು ಆ ಕಥೆ. ಈ ಮಾತಿನ ಸತ್ಯಾಸತ್ಯವನ್ನು ಅಳೆಯಲು ನಾವು ಇಲ್ಲಿ ಒಂದು ಚಿಕ್ಕ ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದ್ದೇವೆ. ಶರತ್ಕಾಲದ ಕೊನೆಯಲ್ಲಿ, ಎಂದರೆ ಕಾರ್ತಿಕ ಮಾಸದ ಆಸುಪಾಸಿನಲ್ಲಿ, ಈ ಬೆಟ್ಟದ ಮೇಲೆ ರಾತ್ರಿ ಕಳೆಯಬೇಕಾದವನು ಎಲ್ಲಿ ಬಿಡಾರ ಹೂಡಬೇಕು? ಆ ನೆಲೆಗಳನ್ನು ಮೊದಲು ಅರಿತವರು ಯಾರು? ಪ್ರಶ್ನೆ ಚಿಕ್ಕದಾದರೂ ಉತ್ತರವು ಇಡೀ ಕಥೆಯ ಮೋರೆಯನ್ನೇ ತಿರುಗಿಸುವಂತಹದು ಎಂದು ನಮ್ಮ ಭಾವನೆ.

ಮೊದಲು ಕಾಲದ ಮಾತು. ಕವಿಗಳ ಶರತ್ಕಾಲವು ನಿರ್ಮಲಾಕಾಶದ ಕಾಲ. ನೀಲಗಿರಿಯ ಶರತ್ಕಾಲಕ್ಕೆ ಆ ವರ್ಣನೆ ಅರ್ಧ ಮಾತ್ರ ಹೊಂದುತ್ತದೆ. ನೈಋತ್ಯ ಮಳೆಯು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಗೂಡಲೂರು, ದೇವಾಲ, ನಡುವಟ್ಟಂ, ಕುಂದೆಯ ಸೀಮೆಗಳನ್ನು ತೋಯಿಸಿ ಹೋಗುತ್ತದೆ. ನಡುವೆ ದೊಡ್ಡಬೆಟ್ಟದ ಸಾಲು ಅಡ್ಡ ನಿಂತಿರುವುದರಿಂದ ಪೂರ್ವಕ್ಕಿರುವ ಕೋತಗಿರಿಗೆ ಆ ಮಳೆ ಬಲವಾಗಿ ತಾಗದು. ಆದರೆ ಅಕ್ಟೋಬರ್ ಬಂದಿತೆಂದರೆ ಗಾಳಿ ತಿರುಗುತ್ತದೆ. ಬಂಗಾಳಕೊಲ್ಲಿಯ ಕಡೆಯಿಂದ ಬರುವ ಈಶಾನ್ಯ ಮಳೆ ಕೋತಗಿರಿ, ಕೂನೂರುಗಳ ಮೇಲೆ ಸುರಿಯುತ್ತದೆ. ಪಶ್ಚಿಮದ ಅಂಚು ಆಗ ಒಣಗತೊಡಗುತ್ತದೆ. ಹೀಗೆ ಒಂದೇ ಬೆಟ್ಟದ ಎರಡು ಮಗ್ಗುಲುಗಳಲ್ಲಿ ಎರಡು ಬೇರೆ ಶರತ್ಕಾಲಗಳಿವೆ. ಬಡಗರ ತಿಂಗಳೆಣಿಕೆಯಲ್ಲಿ ಈ ಅವಧಿಗೆ ದೊಡ್ಡ ದೀವಿಗೆ, ಕಿರು ದೀವಿಗೆ ಎಂದು ಹೆಸರು. ದೀಪದ ಹೆಸರಿನ ಈ ತಿಂಗಳುಗಳೇ ಪೂರ್ವದ ಇಳಿಜಾರುಗಳಿಗೆ ಅಪಾಯದ ತಿಂಗಳುಗಳೂ ಹೌದು. 1993ರ ನವೆಂಬರಿನಲ್ಲಿ ಕೂನೂರು ಘಾಟಿಯ ಮರಪ್ಪಾಲದಲ್ಲಿ ಗುಡ್ಡ ಜರಿದು ಪ್ರಾಣಹಾನಿಯಾಯಿತು. 2009ರ ನವೆಂಬರಿನಲ್ಲಿ ಕೂನೂರು, ಕೆತ್ತಿ, ಕೋತಗಿರಿಗಳ ಸುತ್ತ ಒಂದೆರಡು ದಿನಗಳಲ್ಲಿಯೇ ಅನೇಕ ಕಡೆ ನೆಲ ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬಿಡಾರದ ನೆಲೆ ಯಾವುದೆಂಬ ವಿಚಾರ ಕೇವಲ ವಿನೋದದ್ದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಳೆ ತಪ್ಪಿದರೆ ಹಿಮ. ನವೆಂಬರಿನಿಂದ ಫೆಬ್ರವರಿಯವರೆಗೆ, ಮೋಡವಿಲ್ಲದ ರಾತ್ರಿಗಳಲ್ಲಿ, ನೆಲದ ಕಾವು ಆಕಾಶಕ್ಕೆ ಹಾರಿಹೋಗಿ ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಆದುದರಿಂದ ಬೆಟ್ಟದ ನೆತ್ತಿಗಿಂತ ಕಣಿವೆಯ ತಳವೇ ಹೆಚ್ಚು ಕೊರೆಯುತ್ತದೆ. ಉದಕಮಂಡಲದ ಬಳಿಯ ತಲೈಕುಂದೆಯಲ್ಲಿ ಬೆಳಗಿನ ಹುಲ್ಲು ಬೆಳ್ಳಗಾಗಿರುವುದನ್ನು ಅಲ್ಲಿಯ ಮಕ್ಕಳೆಲ್ಲ ಬಲ್ಲರು. ನೀಲಗಿರಿಯ ಹುಲ್ಲುಗಾವಲು ಹಾಗೂ ಶೋಲೆಕಾಡುಗಳ ಸಂಬಂಧವನ್ನು ಅಭ್ಯಾಸಮಾಡಿದ ಅರಣ್ಯಶಾಸ್ತ್ರಜ್ಞ ಸಿ. ಆರ್. ರಂಗನಾಥನ್ ಅವರು 1938ರಲ್ಲಿ ಈ ಹಿಮವನ್ನೇ ಮುಖ್ಯ ಕಾರಣವಾಗಿ ಹಿಡಿದರು. ತೆರೆದ ಹುಲ್ಲಿನ ಮೇಲೆ ಬೀಳುವ ಹಿಮವು ಶೋಲೆಯ ಮರಗಳ ಸಸಿಯನ್ನು ಸುಟ್ಟುಬಿಡುತ್ತದೆ. ಅದರಿಂದ ಕಾಡು ತನ್ನ ಮಡಿಲನ್ನು ಬಿಟ್ಟು ಹೊರಗೆ ಹರಡುವುದಿಲ್ಲ ಎಂಬುದು ಅವರ ವಾದದ ಸಾರ. ಸಸಿಗೆ ಸಲ್ಲದ ಜಾಗ ಮನುಷ್ಯನ ಹಾಸಿಗೆಗೂ ಸಲ್ಲದು. ಹೊಸಬನ ಕಣ್ಣಿಗೆ ಸಮತಟ್ಟಾದ, ಹಸುರಾದ, ನೀರಿನ ಪಕ್ಕದ ಕಣಿವೆಯೇ ಬಿಡಾರಕ್ಕೆ ಹೇಳಿಮಾಡಿಸಿದಂತೆ ಕಾಣುತ್ತದೆ. ಕಾರ್ತಿಕದಲ್ಲಿ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಈಗ ಹಳೆಯ ನಿವಾಸಿಗಳು ಎಲ್ಲಿ ನೆಲೆಸಿದ್ದಾರೆಂಬುದನ್ನು ನೋಡೋಣ. ತೊದವರ ನೆಲೆಗೆ ಬಡಗರು ಮಂದು ಎನ್ನುತ್ತಾರೆ. ನಮ್ಮ 'ಮಂದೆ'ಗೆ ಇದು ಹತ್ತಿರದ ಮಾತು. ಮಂದು ಶೋಲೆಯ ಅಂಚಿನಲ್ಲಿರುತ್ತದೆ: ಒಂದು ಕಡೆ ಗಾಳಿಯನ್ನು ತಡೆಯುವ ಕಾಡು, ಇನ್ನೊಂದು ಕಡೆ ಎಮ್ಮೆಗಳಿಗೆ ಹುಲ್ಲು, ಪಕ್ಕದಲ್ಲಿ ಬತ್ತದ ತೊರೆ. 1901–02ರಲ್ಲಿ ತೊದವರ ನಡುವೆ ಕೆಲಸಮಾಡಿ 1906ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಡಬ್ಲ್ಯು. ಎಚ್. ಆರ್. ರಿವರ್ಸ್ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ದೇವರ ಹಾಲುಮನೆಗೆ ಬೇಕಾದ ನೀರು ಬೇರೆ, ಮನೆಬಳಕೆಯ ನೀರು ಬೇರೆ. ತೊರೆ ಒಂದೇ ಇದ್ದಲ್ಲಿ ಮೇಲಿನ ಭಾಗ ಹಾಲುಮನೆಗೆ, ಕೆಳಗಿನದು ಮನೆಗೆ. ಇದು ಮಡಿಯ ವಿಷಯವೆಂಬುದು ನಿಜ. ಆದರೆ ಶಿಬಿರ ಹೂಡುವ ಯಾವ ಸ್ಕೌಟು ಮಾಸ್ತರರೂ ಹುಡುಗರಿಗೆ ಕಲಿಸುವ ಮೊದಲ ಪಾಠವೂ ಇದೇ ಅಲ್ಲವೆ? ಒಣಗಾಲದಲ್ಲಿ ಹುಲ್ಲು ತೀರಿದಾಗ ತೊದವರು ಎಮ್ಮೆಗಳೊಡನೆ ಬೇರೆ ಮಂದುಗಳಿಗೆ ಹೋಗಿ ಕೆಲಕಾಲ ಇರುತ್ತಿದ್ದರು. ಎಂದರೆ ಕಾಲಕ್ಕೊಂದು ನೆಲೆ ಎಂಬ ತಿಳಿವಳಿಕೆ ಅವರಲ್ಲಿ ವ್ಯವಸ್ಥಿತವಾಗಿಯೇ ಇತ್ತು.

ಬಡಗರ ಹಟ್ಟಿಯ ರೀತಿ ಬೇರೆ. ವಿಜಯನಗರವು 1565ರಲ್ಲಿ ಕುಸಿದ ಬಳಿಕ ಮೈಸೂರು ಸೀಮೆಯಿಂದ, ಎಂದರೆ ಬಡಗಣ ದಿಕ್ಕಿನಿಂದ, ಬಂದು ನೆಲೆಸಿದವರಾದ್ದರಿಂದ ಇವರು ಬಡಗರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಬಡಗರ ಊರುಗಳು ಸಾಮಾನ್ಯವಾಗಿ ತಗ್ಗಾದ ದಿಬ್ಬದ ನೆತ್ತಿಯ ಮೇಲಿದ್ದು ಸಾಲುಮನೆಗಳಿಂದ ಕೂಡಿ ಸುತ್ತಲೂ ಹೊಲಗಳನ್ನು ಪಡೆದಿರುತ್ತವೆಂದು ಹೇಳುತ್ತಾನೆ. ಹಳೆಯ ಹಟ್ಟಿಗಳ ನಡುವೆ ನಡೆದಾಡಿದವರಿಗೆ ಇದರ ಯುಕ್ತಿ ತಾನಾಗಿಯೇ ಹೊಳೆಯುತ್ತದೆ. ದಿಬ್ಬವು ತಣ್ಣನೆಯ ಗಾಳಿ ಮಡುಗಟ್ಟುವ ತಳಕ್ಕಿಂತ ಮೇಲೆ, ಬಿರುಗಾಳಿ ಹೊಡೆಯುವ ಶಿಖರಕ್ಕಿಂತ ಕೆಳಗೆ. ಬಿದ್ದ ಮಳೆ ನಾಲ್ಕೂ ಕಡೆಗೆ ಇಳಿದುಹೋಗುತ್ತದೆ. ಹಳ್ಳದ ಬಾಯಿಗೆ ಮನೆಯಿಲ್ಲ. ಹಳ್ಳ ನೀರು ತರುವ ಜಾಗ, ಮಲಗುವ ಜಾಗವಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗಿನಿಂದ ಬಂದವರ ಹೆಜ್ಜೆಗಳನ್ನು ಹಿಂಬಾಲಿಸೋಣ. ಮೊತ್ತಮೊದಲ ಉಲ್ಲೇಖ ಕನ್ನಡ ನಾಡಿನದೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಹೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಶಾಸನ ಸಾರುತ್ತದೆ. ಆ ದಂಡು ಎಲ್ಲಿ ಬೀಡುಬಿಟ್ಟಿತೋ ಶಾಸನಕ್ಕೆ ಅದು ಬೇಕಾಗಿಲ್ಲ. ದಂಡನಾಯಕರ ಪ್ರಶಸ್ತಿಗಳಲ್ಲಿ ಚಳಿಯ ಮಾತು ಬರುವುದು ಅಪರೂಪ. ಬಳಿಕ ಐದು ಶತಮಾನಗಳಾಚೆ, 1603ರಲ್ಲಿ, ಕಲ್ಲಿಕೋಟೆಯ ಜೆಸ್ವಿಟ್ ಪಾದ್ರಿ ಫೆನಿಚಿಯೊ ಮಲೆಯಾಳದ ಕಡೆಯಿಂದ ಹತ್ತಿ ಬಡಗರನ್ನೂ ತೊದವರನ್ನೂ ಕಂಡನು. ಅವನ ಪತ್ರದ ತಾರೀಖು ಏಪ್ರಿಲ್ 1; ಪ್ರಯಾಣ ಒಣಗಾಲದಲ್ಲಿ ನಡೆಯಿತೆಂಬುದು ಸ್ಪಷ್ಟ.

ಶರತ್ಕಾಲದಲ್ಲಿ ಬಂದವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ ಮೈಸೂರು, ಮಲಬಾರುಗಳನ್ನು ಸುತ್ತಿದ ಈ ವೈದ್ಯನು 1800ರ ಅಕ್ಟೋಬರಿನಲ್ಲಿ ಮೋಯಾರು, ಭವಾನಿ ನದಿಗಳು ಕೂಡುವೆಡೆಯ ದಣಾಯಕನಕೋಟೆಯಲ್ಲಿ ತಂಗಿದ್ದನು. ಅಲ್ಲಿಂದ ಪಶ್ಚಿಮದ ಬೆಟ್ಟವನ್ನು ಹತ್ತಿ ಇರುಳಿಗರ ಒಂದು ಊರನ್ನು ನೋಡಿಬಂದನು. ನಡಿಗೆ ಬಹಳ ದಣಿಸಿತೆಂದು ಬರೆದಿದ್ದಾನೆ. ಮೇಲಿನ ವಿಶಾಲವಾದ ಬಯಲನ್ನು ಅವನು ಮುಟ್ಟಲಿಲ್ಲ. ಹೊಲ, ಗೊಬ್ಬರ, ನೇಗಿಲುಗಳನ್ನೆಲ್ಲ ಎಣಿಸಿ ಬರೆದ ಇಂಥ ಜಾಗರೂಕನು ಕೇವಲ ಕೆಲವೇ ಹರಿದಾರಿ ದೂರದಲ್ಲಿದ್ದ ಬಡಗರ ನಾಡನ್ನು ನೋಡದೆ ಹೋದನಲ್ಲ ಎಂಬುದು ಅವನ ಪ್ರವಾಸಗ್ರಂಥವನ್ನು ಓದುವ ನಮಗೆ ಕೊರತೆಯಾಗಿಯೇ ಉಳಿದಿದೆ. ಈಶಾನ್ಯ ಮಳೆ ಅಡಿಯಿಡುವ ತಿಂಗಳಿನಲ್ಲಿ ಪೂರ್ವದ ಇಳಿಜಾರನ್ನು ಹಿಡಿದವನಿಗೆ ಇದಕ್ಕಿಂತ ಮೇಲೆ ಹೋಗುವ ಮನಸ್ಸಾಗದಿದ್ದರೆ ಆಶ್ಚರ್ಯವೂ ಇಲ್ಲ.

1812ರಲ್ಲಿ ಮೋಜಣಿದಾರ ಕೀಸ್ ಹಾಗೂ ಅವನ ಸಹಾಯಕ ಮೆಕ್‌ಮಹನ್ ದಣಾಯಕನಕೋಟೆಯಿಂದ ದೆನಾಡಿನ ಮಾರ್ಗವಾಗಿ ಮೇಲೇರಿದರು. 1818ರಲ್ಲಿ ಸಲ್ಲಿವನ್ನನ ಸಹಾಯಕರಾದ ವಿಶ್, ಕಿಂಡರ್ಸ್ಲಿ ಎಂಬಿಬ್ಬರೂ ದೆನಾಡಿನ ಮೇಲಾಗಿಯೇ ಹೋದರು. ಹೊಸ ದಾರಿಯನ್ನು ಯಾರೂ ಕಡಿಯಲಿಲ್ಲ. ಬಡಗರು ಬಯಲಿನ ಸಂತೆಗಳಿಗೆ ಇಳಿದು ಹತ್ತುತ್ತಿದ್ದ ಕಾಲುದಾರಿ ಅದು. ಒಂದು ಹಟ್ಟಿಯಿಂದ ಮತ್ತೊಂದು ಹಟ್ಟಿಗೆ ಸಾಗುವ ದಾರಿ.

ಇವರ ವರದಿಯನ್ನು ಕೇಳಿ 1819ರ ಜನವರಿಯಲ್ಲಿ ಸಲ್ಲಿವನ್ ತಾನೇ ಬಂದನು. ತಿಂಗಳನ್ನು ಓದುಗರು ಗಮನಿಸಬೇಕು: ಈಶಾನ್ಯ ಮಳೆ ಮುಗಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಅವನು ನೆಲೆ ಹಿಡಿದದ್ದು ಕೋತಗಿರಿಯ ಬಳಿಯ ದಿಂಬಹಟ್ಟಿಯಲ್ಲಿ. ಆ ವರ್ಷವೇ ಫ್ರೆಂಚ್ ಪ್ರಕೃತಿಶಾಸ್ತ್ರಜ್ಞ ಲೆಶೆನೊ ರೋಗದಿಂದ ಬಳಲುತ್ತ ಬಂದು ಇಲ್ಲಿ ಗುಣಹೊಂದಿದ್ದರಿಂದ ಬೆಟ್ಟದ ಕೀರ್ತಿ ಹಬ್ಬಿತು. ಪಕ್ಕದ ಕನ್ನೇರಿಮುಕ್ಕಿನಲ್ಲಿರುವ ಸಲ್ಲಿವನ್ನನ ಬಂಗಲೆಯನ್ನು ನಮ್ಮ ಕಾಲದಲ್ಲಿ ಜೀರ್ಣೋದ್ಧಾರಮಾಡಿ ಸ್ಮಾರಕವಾಗಿ ಇಟ್ಟಿದ್ದಾರೆ. ದಿಂಬಹಟ್ಟಿಯ ಆಯ್ಕೆಯನ್ನು ಸಲ್ಲಿವನ್ನನ ಜಾಣತನವೆಂದು ಹೊಗಳುವುದುಂಟು. ಆಯ್ಕೆ ಒಳ್ಳೆಯದೇ: ಉದಕಮಂಡಲಕ್ಕಿಂತ ತಗ್ಗು, ಹಿಮ ಕಡಿಮೆ, ನೈಋತ್ಯದ ಗಾಳಿಗೆ ದೊಡ್ಡಬೆಟ್ಟದ ಮರೆ. ಆದರೆ ಹೆಸರಿನಲ್ಲಿಯೇ ಹಟ್ಟಿ ಇದೆಯಲ್ಲ! ಅವನಿಗಿಂತ ಎಷ್ಟೋ ತಲೆಮಾರುಗಳ ಹಿಂದೆ ದನ ಕಟ್ಟಿ, ಮಳೆಯನ್ನೂ ಹಿಮವನ್ನೂ ಕಳೆದು, ಇದು ಬಾಳುವ ನೆಲವೆಂದು ತೀರ್ಮಾನಿಸಿದವರು ಆಗಲೇ ಅಲ್ಲಿದ್ದರು. ಸಲ್ಲಿವನ್ ಆ ತೀರ್ಮಾನದ ಪಕ್ಕದಲ್ಲಿ ತನ್ನ ಬಿಡಾರವನ್ನು ಹೂಡಿದನು. ಅವನನ್ನು ಹಳಿಯುವುದಕ್ಕಾಗಿ ನಾವು ಈ ಮಾತನ್ನು ಹೇಳುತ್ತಿಲ್ಲ. ಬೆಟ್ಟದ ಜನರ ಭೂಮಿಯ ಹಕ್ಕಿನ ಪರವಾಗಿ ತನ್ನ ಸರ್ಕಾರದೊಡನೆಯೇ ವಾದಿಸಿದ ಅಧಿಕಾರಿ ಅವನು.

ಸಿರುಮುಗೈಯಿಂದ ಕೋತಗಿರಿಗೆ ದಾರಿಯ ಕೆಲಸ 1821ರಲ್ಲಿ ಆರಂಭವಾಗಿ 1823ರಲ್ಲಿ ಮುಗಿಯಿತು. ಅಷ್ಟರಲ್ಲಿ ಸಲ್ಲಿವನ್ನನ ಕಣ್ಣು ಪಶ್ಚಿಮಕ್ಕೆ ಹೊರಳಿತ್ತು. ತೊದವರ ಹುಲ್ಲುಗಾವಲಾಗಿದ್ದ ಉದಕಮಂಡಲದಲ್ಲಿ ಅವನು 1822ರಲ್ಲಿ ಕಟ್ಟಲಾರಂಭಿಸಿದ ಕಲ್ಲಿನ ಮನೆಯನ್ನು ಬೆಟ್ಟದ ಜನ ಕಲ್ಬಂಗಲೆ ಎಂದು ಕರೆದರು. ಇಂದು ಅದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಸುಮಾರು 7,350 ಅಡಿ ಎತ್ತರದ ಈ ಸ್ಥಳವು ಬೇಸಗೆಗೆ ಸ್ವರ್ಗ. ಕಾರ್ತಿಕದ ಬಳಿಕ ಕಲ್ಲಿನ ಗೋಡೆ, ಉರಿಯುವ ಅಗ್ಗಿಷ್ಟಿಕೆ ಇಲ್ಲದವನಿಗೆ ಅಲ್ಲಿಯ ತಗ್ಗಿನಲ್ಲಿ ನಿದ್ದೆ ಬರದು. ನೆಲದ ಗುಣವನ್ನು ನೋಡಿ ಮನೆ ಕಟ್ಟುವುದು ಒಂದು ಪದ್ಧತಿ. ಮನೆಯ ಬಲದಿಂದ ನೆಲವನ್ನು ಗೆಲ್ಲುವುದು ಇನ್ನೊಂದು. ದಿಂಬಹಟ್ಟಿಯಿಂದ ಉದಕಮಂಡಲಕ್ಕೆ ಆದ ಸ್ಥಾನಾಂತರದಲ್ಲಿ ಮೊದಲನೆಯ ಪದ್ಧತಿ ಹಿಂದೆ ಸರಿದು ಎರಡನೆಯದು ಮುಂದೆ ಬಂದಿತು.

ವಾರ್ಡ್ ಎಂಬ ಸೇನಾಧಿಕಾರಿ 1821–22ರಲ್ಲಿ ಈ ಸೀಮೆಯನ್ನು ಮೋಜಣಿ ಮಾಡಿದನು. ಹಳೆಯ ನಕ್ಷೆಗಳಲ್ಲಿ ಬಿದ್ದ ಹೆಸರುಗಳು ನಮಗೆ ಅತ್ಯಂತ ಬೆಲೆಯುಳ್ಳವು: ಬೆಟ್ಟ, ಹಟ್ಟಿ, ಹಳ್ಳ, ನಾಡು. ಕೋತರ ಕೇರಿಯೇ ಕೋತಗಿರಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಅಡಿಕರಟ್ಟಿ ಎಂಬ ಊರ ಹೆಸರಿನಲ್ಲಿ ನಮಗೆ ಅಧಿಕಾರಿಹಟ್ಟಿ ಕೇಳಿಸುತ್ತದೆ. ತಮಿಳಿನ ಮೂಲ ಅಕ್ಷರಮಾಲೆಯಲ್ಲಿ ಹಕಾರಕ್ಕೆ ತನ್ನದೇ ಅಕ್ಷರವಿಲ್ಲವಾದ್ದರಿಂದ ಫಲಕಗಳ ಮೇಲೆ ಹಟ್ಟಿಯು ಅಟ್ಟಿಯಾಗಿದೆ. ಇದರಲ್ಲಿ ಯಾರ ದ್ವೇಷವೂ ಇಲ್ಲ, ಲಿಪಿಯ ಸ್ವಭಾವ ಅಷ್ಟೆ. ಆದರೆ ಅಟ್ಟಿ ಎಂದು ಓದುವ ಮಗುವಿಗೆ ಅಲ್ಲಿ ದನದ ಕೊಟ್ಟಿಗೆ ಇತ್ತೆಂಬುದು ಹೊಳೆಯುವುದಿಲ್ಲ. 1846ರಲ್ಲಿ ಕೆತ್ತಿಯಲ್ಲಿ ನೆಲೆನಿಂತ ಬಾಸೆಲ್ ಮಿಷನ್ನಿನವರು ಬಡಗರ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠ ಹೇಳುತ್ತಿದ್ದರು. ಆ ಶಾಲೆಗಳು ಇಂದು ಕನ್ನಡ ಶಾಲೆಗಳಾಗಿ ಉಳಿದಿಲ್ಲ. ಹೆಸರುಗಳು ಉಳಿದಿವೆ, ಅವುಗಳ ಅರ್ಥವನ್ನು ಬಲ್ಲ ಹಿರಿಯರೂ ಇದ್ದಾರೆ. ಹಟ್ಟಿಯ ಯಾವ ಮಗ್ಗುಲಿಗೆ ಹಿಮ ಬೀಳುತ್ತದೆ, ಯಾವ ಹಳ್ಳ ದೊಡ್ಡ ದೀವಿಗೆಯಲ್ಲಿ ಉಕ್ಕುತ್ತದೆ, ಯಾವ ದಿಬ್ಬಕ್ಕೆ ಏಕೆ ಆ ಹೆಸರು ಎಂಬುದನ್ನು ಅವರ ಬಾಯಿಂದ ಬರೆದುಕೊಳ್ಳಲು ಎಂಟನೆಯ ತರಗತಿಯ ಹುಡುಗನೂ ಸಾಕು. ನಮ್ಮ ಅಧ್ಯಾಪಕ ಬಂಧುಗಳಲ್ಲಿ ಒಬ್ಬೊಬ್ಬರು ಒಂದೊಂದು ಹಟ್ಟಿಯನ್ನು ಹಿಡಿದರೆ ಒಂದು ವರ್ಷದಲ್ಲಿ ಒಳ್ಳೆಯ ನಕ್ಷೆ ಸಿದ್ಧವಾದೀತು. ಶಿಬಿರಕ್ಕೆಂದು ಮಕ್ಕಳನ್ನು ಕರೆದೊಯ್ಯುವವರು ಒಂದು ಮಾತನ್ನು ನೆನಪಿಡಬೇಕು: ಮೀಸಲು ಅರಣ್ಯದಲ್ಲಿಯೂ ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕಾರ್ತಿಕದಲ್ಲಿ ಹೋಗಲೇಬೇಕಾದರೆ ಕೋತಗಿರಿಯ ಮಗ್ಗುಲನ್ನು ಬಿಟ್ಟು ಪಶ್ಚಿಮದ ಕಡೆ, ಅದೂ ಹಟ್ಟಿಯೊಂದರ ಸಮೀಪ, ಊರ ಗೌಡರನ್ನು ಕೇಳಿ ಇಳಿದುಕೊಳ್ಳುವುದು ಲೇಸು.

ಈ ಎಲ್ಲ ಪ್ರಯಾಣಗಳ ಕಾಲ್ಮಣೆಯಂತಿದ್ದ ದಣಾಯಕನಕೋಟೆಯನ್ನು ಮಾತ್ರ ಇನ್ನು ಯಾರೂ ಬಿಡಾರ ಮಾಡಿಕೊಳ್ಳುವಂತಿಲ್ಲ. 1955ರಲ್ಲಿ ಪೂರ್ಣಗೊಂಡ ಭವಾನಿಸಾಗರದ ಅಣೆಕಟ್ಟಿನ ಹಿಂದೆ ಅದು ಮುಳುಗಿದೆ. ಮಳೆ ಕೈಕೊಟ್ಟು ನೀರು ತೀರ ಇಳಿದ ವರ್ಷಗಳಲ್ಲಿ ಹಳೆಯ ದೇವಾಲಯದ ಕಲ್ಲುಗಳು ಮೇಲೆ ಕಾಣಿಸಿಕೊಳ್ಳುತ್ತವೆ. ಬುಕಾನನ್ ಅಲ್ಲಿ ತಂಗಿದ್ದ ಅಕ್ಟೋಬರಿನಲ್ಲಾದರೋ, ಮೋಯಾರು ಭವಾನಿಗಳೆರಡೂ ತುಂಬಿ ಬರುವುದರಿಂದ, ಸಾಮಾನ್ಯವಾಗಿ ಕಾಣುವುದು ನೀರು ಮಾತ್ರ.