ಅಚ್ಚಿನ ಮೊಳೆಯ ಕಾಕು

ನಮ್ಮ ಆಲಂಕಾರಿಕರು ಕಾಕು ಎಂಬುದೊಂದನ್ನು ಹೇಳಿದ್ದಾರೆ. ಮಾತು ಅದೇ, ಧ್ವನಿಯ ಏರಿಳಿತ ಬೇರೆಯಾದೊಡನೆ ಅರ್ಥವೂ ಬೇರೆ. 'ನೀನು ಬಹಳ ದೊಡ್ಡ ಮನುಷ್ಯ' ಎಂಬುದನ್ನು ಹೊಗಳಿಕೆಯಾಗಿಯೂ ಆಡಬಹುದು, ಚುಚ್ಚುನುಡಿಯಾಗಿಯೂ ಆಡಬಹುದು. ಬಾಯಿಮಾತಿಗಿರುವ ಈ ಸೌಲಭ್ಯ ಅಚ್ಚಾದ ಮಾತಿಗಿಲ್ಲವೆಂದು ನಾವು ಭಾವಿಸುವುದುಂಟು. ವಿಚಾರ ಮಾಡಿ ನೋಡಿದರೆ ಅಚ್ಚಿನ ಮೊಳೆಗೂ ಒಂದು ಕಾಕು ಉಂಟು. ತೆಳು ಅಕ್ಷರ ಪಿಸುಗುಟ್ಟುತ್ತದೆ; ದಪ್ಪಕ್ಷರ ಗದರುತ್ತದೆ; ದಪ್ಪವೂ ಓರೆಯೂ ಆದ ಅಕ್ಷರ ಗದರುತ್ತಲೇ ಮೈಮೇಲೆ ಬರುತ್ತದೆ. ಈ ಗದರಿಕೆ ಯಾರ ಸೊತ್ತು? ಫ್ಯೂಚುರಾ ಎಂಬ ಅಚ್ಚಕ್ಷರದ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ರೋಮನ್ ಲಿಪಿಯ ಗೆರೆಗಳ ತುದಿಯಲ್ಲಿ ಪುಟ್ಟ ಪಾದಗಳಂಥ ಚಾಚುಗಳಿರುತ್ತವೆ. ಅವಕ್ಕೆ ಸೆರಿಫ್ ಎಂದು ಹೆಸರು. ಅವನ್ನು ತೆಗೆದುಹಾಕಿದ ಬೋಳು ಅಕ್ಷರದ ಮೊಳೆ 1816ರಲ್ಲಿ ಲಂಡನ್ನಿನ ಕ್ಯಾಸ್ಲನ್ ಮನೆತನದವರ ಮಾದರಿ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಓರೆಯಕ್ಷರ ಅದಕ್ಕಿಂತ ಮುನ್ನೂರು ವರ್ಷ ಹಿರಿದು. 1501ರಲ್ಲಿ ವೆನಿಸ್ ನಗರದ ಆಲ್ಡಸ್ ಮನೂಶಿಯಸ್ ಎಂಬ ಪ್ರಕಾಶಕ, ಫ್ರಾನ್ಸೆಸ್ಕೊ ಗ್ರಿಫೊ ಕೊರೆದ ಓರೆ ಮೊಳೆಗಳಿಂದ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿಯಬಹುದಾದ ಹೊತ್ತಗೆಯಾಗಿ ಅಚ್ಚುಹಾಕಿದ. ವಿದ್ವಾಂಸರ ಕೈಬರಹವೇ ಅದಕ್ಕೆ ಮಾದರಿ. ಒತ್ತಿಹೇಳುವ ಕೆಲಸ ಅದಕ್ಕೆ ಅಂಟಿಕೊಂಡದ್ದು ಆಮೇಲೆ.

ಈ ಎರಡು ಧಾರೆಗಳೂ ಕೂಡಿದ್ದು ಫ್ಯೂಚುರಾದಲ್ಲಿ. ಜರ್ಮನಿಯ ಪಾಲ್ ರೆನರ್ ರೂಪಿಸಿದ ಈ ಅಕ್ಷರಗಳನ್ನು 1927ರಲ್ಲಿ ಫ್ರಾಂಕ್‌ಫರ್ಟಿನ ಬಾವರ್ ಮೊಳೆ ಕಾರ್ಖಾನೆ ಹೊರತಂದಿತು. ಕೈವಾರ, ಅಳತೆಪಟ್ಟಿಗಳಿಂದಲೇ ಎಳೆದಂತೆ ತೋರುವ ಅಕ್ಷರಗಳಿವು. ಆದರೆ ಗಣಿತದ ವೃತ್ತ ಕಣ್ಣಿಗೆ ವೃತ್ತವಾಗಿ ಕಾಣುವುದಿಲ್ಲ. ಗೆರೆಗಳು ಕೂಡುವೆಡೆ ತುಸು ಸಣ್ಣಗಾಗಿಸಿ, ಬಾಗುವೆಡೆ ತುಸು ತಿದ್ದಿ ರೆನರ್ ಕಣ್ಣನ್ನು ಒಪ್ಪಿಸಿದರು. ಮುಂದೆ ಇದಕ್ಕೆ ದಪ್ಪ, ಓರೆ, ದಪ್ಪ ಓರೆ ಎಂಬ ದಾಯಾದಿಗಳು ಸೇರಿದರು. ಇಲ್ಲಿಯ ಓರೆ ಕೈಬರಹದ ಓರೆಯಲ್ಲ. ನೆಟ್ಟಗೆ ನಿಂತವನು ಓಡಲು ಮುಂದೆ ಬಾಗಿದಂಥ ಓರೆ. ವೃತ್ತವನ್ನು ಬರಿದೆ ಬಾಗಿಸಿದರೆ ಒಂದು ಮೂಲೆ ಊದಿಕೊಂಡು ಇನ್ನೊಂದು ಬಡವಾಗುತ್ತದೆ. ಗೆರೆ ದಪ್ಪವಾದಷ್ಟೂ ಒಳಗಿನ ಬಿಳಿಯ ಅವಕಾಶ ಕಿರಿದಾಗುತ್ತದೆ. ಆದ್ದರಿಂದ ಇಂಥ ಅಕ್ಷರ ಪುಟಗಟ್ಟಲೆ ಓದಿಗಲ್ಲ. ಶೀರ್ಷಿಕೆಗೆ, ಜಾಹೀರಾತಿಗೆ, ಭಿತ್ತಿಪತ್ರಕ್ಕೆ.

ಜರ್ಮನಿಯಲ್ಲಿ ಆಗ ಅಕ್ಷರದ ಆಕಾರವೂ ರಾಜಕೀಯವಾಗಿದ್ದಿತು. ಫ್ರಾಕ್ಟುರ್ ಎಂಬ ಮುರಿಗೆರೆಯ ಹಳೆಯ ಲಿಪಿಯೇ ರಾಷ್ಟ್ರೀಯ ಎಂದು ಒಂದು ಪಕ್ಷ. ರೋಮನ್ ಲಿಪಿ ಸಾಕು ಎಂದು ಇನ್ನೊಂದು. 1911ರಲ್ಲಿ ಪಾರ್ಲಿಮೆಂಟಿನಲ್ಲಿಯೇ ಈ ವಾದ ನಡೆಯಿತು. ಹೊಸ ಕಲೆಯನ್ನೆಲ್ಲ ದೇಶದ್ರೋಹವೆಂದು ಹಳಿಯುತ್ತಿದ್ದ ನಾಜಿಗಳನ್ನು ಟೀಕಿಸಿ 1932ರಲ್ಲಿ ರೆನರ್ ಒಂದು ಕಿರುಹೊತ್ತಗೆ ಬರೆದರು. 1933ರ ಏಪ್ರಿಲಿನಲ್ಲಿ ಅವರ ಬಂಧನವಾಯಿತು. ಬೇಗನೆ ಬಿಡುಗಡೆಯಾದರೂ ಮ್ಯೂನಿಕ್ಕಿನ ಮುದ್ರಣ ಶಾಲೆಯ ಮುಖ್ಯಸ್ಥನ ಪದವಿ ಹೋಯಿತು. ಆದರೆ ವಿಧಿಯ ವ್ಯಂಗ್ಯ ನೋಡಿ: 1941ರ ಜನವರಿ 3ರಂದು ನಾಜಿಗಳೇ ಹಳೆಯ ಲಿಪಿಯನ್ನು 'ಯೆಹೂದಿ ಅಕ್ಷರ'ವೆಂದು ಸುಳ್ಳುಹೇಳಿ ಬಹಿಷ್ಕರಿಸಿದರು. ಆ ಸುತ್ತೋಲೆಯ ಕಾಗದದ ತಲೆಬರಹ ಮಾತ್ರ ಅದೇ ಹಳೆಯ ಲಿಪಿಯಲ್ಲಿದ್ದಿತು!

ಅಷ್ಟರಲ್ಲಿ ಫ್ಯೂಚುರಾ ಅಟ್ಲಾಂಟಿಕ್ ದಾಟಿ ಅಮೆರಿಕದ ವ್ಯಾಪಾರಿಗಳ ನಚ್ಚಿನ ಅಕ್ಷರವಾಗಿದ್ದಿತು. 1959ರ ಫೋಕ್ಸ್‌ವ್ಯಾಗನ್ ಕಾರಿನ ಪ್ರಸಿದ್ಧ ಜಾಹೀರಾತು ಇದರಲ್ಲಿಯೇ ಬಂದದ್ದು. 1969ರಲ್ಲಿ ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಅಕ್ಷರಗಳೂ ಇವೇ.

ನ್ಯೂಯಾರ್ಕಿನಲ್ಲಿ ಪತ್ರಿಕೆಗಳ ಪುಟ ವಿನ್ಯಾಸ ಮಾಡುತ್ತಿದ್ದ ಬಾರ್ಬರಾ ಕ್ರೂಗರ್ ಎಂಬ ಕಲಾವಿದೆ ಈ ವಿದ್ಯೆಯ ಒಳಗುಟ್ಟನ್ನು ಬಲ್ಲವರು. ಕೊಳ್ಳಿರಿ, ಕೊಳ್ಳಿರಿ ಎಂದು ಕೂಗುವ ಅಕ್ಷರದಿಂದಲೇ ಆ ಕೂಗನ್ನು ಪ್ರಶ್ನಿಸಲು ಅವರು ಹೊರಟರು. ಕಪ್ಪುಬಿಳುಪಿನ ಛಾಯಾಚಿತ್ರ, ಅದರ ಮೇಲೆ ಕೆಂಪು ಪಟ್ಟಿ, ಪಟ್ಟಿಯಲ್ಲಿ ಫ್ಯೂಚುರಾದ ದಪ್ಪ ಓರೆಯಕ್ಷರಗಳು: ಇದು ಅವರ ರೀತಿಯಾಯಿತು. ಯೋಚನೆಯೇ ಮನುಷ್ಯನ ಇರವಿಗೆ ಪ್ರಮಾಣವೆಂದ ಡೇಕಾರ್ಟನ ಸೂತ್ರವನ್ನು ತಿರುಚಿ, ಕೊಳ್ಳುವುದೇ ಪ್ರಮಾಣವೆಂದು 1987ರ ಕೃತಿಯಲ್ಲಿ ಅಣಕಿಸಿದರು. 1989ರಲ್ಲಿ ಗರ್ಭಪಾತದ ಹಕ್ಕಿಗಾಗಿ ಹೆಂಗಸರು ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ನಡೆಸಿದಾಗ, ಹೆಣ್ಣಿನ ಒಡಲೇ ರಣಭೂಮಿಯಾಗಿದೆ ಎಂದು ಸಾರಿದ ಭಿತ್ತಿಪತ್ರ ಅವರದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1994ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಸುಪ್ರೀಮ್ ಎಂಬ ಉಡುಪಿನ ಅಂಗಡಿ ಕೆಂಪು ಚೌಕಟ್ಟು, ಬಿಳಿಯ ಓರೆಯಕ್ಷರ ಎರಡನ್ನೂ ಕ್ರೂಗರರ ಮಾದರಿಯಿಂದಲೇ ತನ್ನ ಗುರುತಾಗಿ ಮಾಡಿಕೊಂಡಿತು. 2013ರಲ್ಲಿ ತನ್ನ ಗುರುತನ್ನು ಅಣಕಿಸಿದ ಇನ್ನೊಂದು ಉಡುಪಿನ ಸಂಸ್ಥೆಯ ಮೇಲೆ ಅದೇ ಅಂಗಡಿ ಕೋಟಿ ಡಾಲರುಗಳ ದಾವೆ ಹೂಡಿತು. ಕೊಳ್ಳುವ ಚಟವನ್ನು ಹಂಗಿಸಿದ ಅಕ್ಷರ ಹೀಗೆ ಮತ್ತೆ ಅಂಗಡಿ ಸೇರಿತು.

ಅಕ್ಷರದ ಆಕಾರಕ್ಕೆ ಹುಟ್ಟಿನಿಂದ ಪಕ್ಷವಿಲ್ಲವೆಂದು ನನಗೆ ತೋರುತ್ತದೆ. ಅದನ್ನು ಹಿಡಿದ ಕೈಯ ಪಕ್ಷವೇ ಅದರ ಪಕ್ಷ. ಆ ಕೈ ಬದಲಾದರೆ ಅದೂ ಬದಲಾಗುತ್ತದೆ. ಕಾಕುವನ್ನು ಅರಿಯದ ಕೇಳುಗನನ್ನು ಅರಸಿಕನೆಂದು ನಮ್ಮ ಹಿರಿಯರು ಕನಿಕರಿಸುತ್ತಿದ್ದರು. ಬೀದಿಯ ಗೋಡೆಗಳೂ ಕೈಯೊಳಗಿನ ಫೋನುಗಳೂ ದಪ್ಪಕ್ಷರದಲ್ಲಿ ಕೂಗುವ ಈ ಕಾಲದಲ್ಲಿ ಓದುಗನಿಗೆ ರಸಿಕತೆಯೊಂದೇ ಸಾಲದು. ಏನು ಹೇಳಿದೆ ಎಂದು ಓದುವುದರ ಜೊತೆಗೆ, ಇಷ್ಟು ಗಟ್ಟಿಯಾಗಿ ಹೇಳುತ್ತಿರುವವರು ಯಾರು, ಏಕೆ ಎಂದು ಕೇಳಿಕೊಳ್ಳುವ ಅಭ್ಯಾಸವೂ ಬೇಕು.